ಹೈಡ್ರಾಲಿಕ್ ಏಳದಿದ್ದರೆ ಪಂಪನ್ನೇ ಏಕೆ ದೂರುತ್ತೀರಿ?

ಹೆಸರಿನ ರಾಶಿ ಮುಗಿದು ಹಿಂಗಾರಿಗೆ ಹೊಲ ಹದ ಮಾಡುವ ಹೊತ್ತಿಗೆ ನವಲಗುಂದ, ಅಣ್ಣಿಗೇರಿ ಕಡೆ ಟ್ರ್ಯಾಕ್ಟರ್ ಗ್ಯಾರೇಜುಗಳಲ್ಲಿ ಒಂದೇ ಮಾತು: "ಹೈಡ್ರಾಲಿಕ್ ಏಳವಲ್ದು, ಪಂಪ್ ಹೋಗೇತಿ." ಮಾಲೀಕರು ಹೇಳುತ್ತಾರೆ, ಮಿಸ್ತ್ರಿ ತಲೆಯಾಡಿಸುತ್ತಾನೆ, ಅಂಗಡಿಯವರು ಬಿಲ್ ಬರೆಯುತ್ತಾರೆ. ಪಂಪ್ ಒಂದಕ್ಕೇ ಬಾಯಿಲ್ಲ.

ಪಂಪಿನ ಕೆಲಸ ಎಣ್ಣೆ ತಳ್ಳುವುದು. ಒತ್ತಡ ಹುಟ್ಟುವುದು ಭಾರ ಅಡ್ಡ ಬಂದಾಗ. ತಳ್ಳಿದ ಎಣ್ಣೆ ದಾರಿಯಲ್ಲಿ ಎಲ್ಲಿ ಸೋರಿದರೂ ಲಿಫ್ಟ್ ಸೋಲುತ್ತದೆ. ಆ ಸೋರಿಕೆ ಕಂಡುಹಿಡಿಯಲು ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ. ನೇಗಿಲು ಎತ್ತಿ, ಇಂಜಿನ್ ಬಂದ್ ಮಾಡಿ, ದೂರ ನಿಂತು ನೋಡಿ. ನೋಡನೋಡುತ್ತಲೇ ನೇಗಿಲು ನೆಲಕ್ಕೆ ಕೂತರೆ ಸಂಶಯ ಪಡಬೇಕಾದದ್ದು ಸಿಲಿಂಡರಿನೊಳಗಿನ ಪಿಸ್ಟನ್ ಸೀಲನ್ನು, ಇಲ್ಲವೇ ಕಂಟ್ರೋಲ್ ವಾಲ್ವನ್ನು. ಆಗ ಪಂಪ್ ತಿರುಗುತ್ತಲೇ ಇಲ್ಲವಲ್ಲ ಸ್ವಾಮಿ, ತಪ್ಪು ಅದರದ್ದು ಹೇಗಾದೀತು? ಇಂಜಿನ್ ಚಾಲೂ ಇದ್ದಾಗ ನೇಗಿಲು ಸ್ವಲ್ಪ ಇಳಿದು ಮತ್ತೆ ಏರುತ್ತ ಕುಣಿಯುವುದೂ ಇದೇ ಸೋರಿಕೆಯಿಂದ. ಅದು ಇಳಿದಷ್ಟೂ ವಾಲ್ವ್ ಮತ್ತೆ ಎತ್ತುತ್ತದೆ. ಸಾವಿರಾರು ರೂಪಾಯಿಯ ಹೊಸ ಪಂಪ್ ಕೂಡಿಸಿದರೂ ಆ ಕುಣಿತ ನಿಲ್ಲುವುದಿಲ್ಲ.

ಲಿಫ್ಟ್ ಏಳುವುದೇ ಇಲ್ಲವೆಂದರೆ? ಮೊದಲು ಟ್ರೇಲರ್ ಕಡೆ ಎಣ್ಣೆ ತಿರುಗಿಸುವ ಲಿವರ್ ನೋಡಿ. ಟ್ರೇಲರ್ ಎತ್ತಿ ಮಣ್ಣು ಸುರಿದ ಮೇಲೆ ಅದನ್ನು ಹಾಗೇ ಬಿಟ್ಟು, ಪಂಪ್ ಸತ್ತಿತೆಂದು ಗ್ಯಾರೇಜಿಗೆ ಬರುವವರಿದ್ದಾರೆ! ಆಮೇಲೆ ಎಣ್ಣೆಯ ಮಟ್ಟ, ಆಮೇಲೆ ಫಿಲ್ಟರ್. ಪಂಪ್ ಕೀರಲು ದನಿಯಲ್ಲಿ ಕೂಗಿ ಎಣ್ಣೆಯಲ್ಲಿ ನೊರೆ ಬಂದರೆ, ಎಣ್ಣೆ ಎಳೆಯುವ ಪೈಪಿನಲ್ಲಿ ಗಾಳಿ ಸೇರುತ್ತಿದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಎತ್ತಿದ ಭಾರ ಇಂಜಿನ್ ಆರಿಸಿದರೂ ಇಳಿಯದೆ, ಎಣ್ಣೆ ತಣ್ಣಗಿದ್ದಾಗ ಸರಿಯಾಗಿ ಎತ್ತಿ, ಕಾದ ಮೇಲಷ್ಟೇ ಲಿಫ್ಟ್ ಸೋತರೆ ಆಗ ಪಂಪ್ ಸವೆದಿದೆ ಎನ್ನಲು ಒಂದು ಆಧಾರ ಸಿಗುತ್ತದೆ. ಅದನ್ನೂ ಗೇಜ್ ಹಾಕಿ ಅಳೆದೇ ಬಿಚ್ಚಬೇಕು.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ದಪ್ಪ ಎಣ್ಣೆ ಹೆಚ್ಚು ಭಾರ ಎತ್ತುವುದಿಲ್ಲ; ಅದನ್ನು ಎಳೆಯಲಾಗದೆ ಪಂಪೇ ಬಳಲುತ್ತದೆ. ಹೈಡ್ರಾಲಿಕ್ಕಿಗೆ ಬ್ರೇಕ್ ಎಣ್ಣೆ ಸುರಿಯಬೇಡಿ; ಅದು ಗ್ಲೈಕಾಲಿನದು. ಖನಿಜ ತೈಲಕ್ಕೆಂದು ಮಾಡಿದ ರಬ್ಬರ್ ಸೀಲುಗಳನ್ನು ಅದು ಉಬ್ಬಿಸಿ ಕೆಡಿಸುತ್ತದೆ. ಒತ್ತಡಕ್ಕೆ ಮಿತಿ ಹಾಕುವ ರಿಲೀಫ್ ವಾಲ್ವ್ ಬಿಗಿ ಮಾಡಿದರೆ ಬರುವುದು ಬಲವಲ್ಲ, ಅಪಾಯ. 200 ಬಾರ್ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋ ಭಾರ. ಆ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಸೋರುವ ಜಾಗವನ್ನು ಬೆರಳಿನಿಂದ ಹುಡುಕಬೇಡಿ, ರಟ್ಟು ಹಿಡಿದು ನೋಡಿ.

ಎರಿ ಹೊಲದ ಗಟ್ಟಿ ಜಾಗದಲ್ಲಿ ನೇಗಿಲು ತಾನಾಗಿ ಮೇಲೆದ್ದರೆ ಅದನ್ನೂ ಹೈಡ್ರಾಲಿಕ್ ರೋಗವೆನ್ನುತ್ತಾರೆ. ಡ್ರಾಫ್ಟ್ ಲಿವರ್ ಇರುವುದೇ ಅದಕ್ಕೆ! ಎಳೆತ ಹೆಚ್ಚಾದಾಗ ನೇಗಿಲನ್ನು ತುಸು ಎತ್ತಿ ಇಂಜಿನ್ನಿನ ಭಾರ ಇಳಿಸುವ ಈ ವ್ಯವಸ್ಥೆಯನ್ನು 1920ರ ದಶಕದಲ್ಲಿ ರೂಪಿಸಿದವರು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ನಮ್ಮೂರ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರಿನ ಮೇಲಿರುವುದು ಅವರದೇ ಹೆಸರು. ತಾವೇ ಕಟ್ಟಿದ ವಿಮಾನವನ್ನು 1909ರ ಡಿಸೆಂಬರ್ 31ರಂದು ಹಾರಿಸಿದ ಮನುಷ್ಯ ಅವರು. ಅವರ ಜಾಣ್ಮೆಯನ್ನು ನಾವು ದೋಷವೆಂದು ರಿಪೇರಿಗೆ ತರುತ್ತೇವೆ.

ಸಿಟ್ಟು ಬರುವುದು ಇದಕ್ಕೇ. ಬೀಜ ಕೊಳ್ಳುವಾಗ ಅಂಗೈ ಮೇಲೆ ಹಾಕಿ ಪರೀಕ್ಷಿಸುವವರು, ಎತ್ತು ಕೊಳ್ಳುವಾಗ ಹಲ್ಲು ಎಣಿಸುವವರು, ಯಂತ್ರದ ವಿಷಯಕ್ಕೆ ಬಂದರೆ ಗಟ್ಟಿ ದನಿಯಲ್ಲಿ ಹೇಳಿದ್ದನ್ನೆಲ್ಲ ನಂಬುತ್ತಾರೆ. "ಬಾಜೂ ಮನಿಯವರದು ಪಂಪ್ ಹಾಕಿದ ಮ್ಯಾಲೆ ಸರಿಯಾತು" ಎಂಬುದೇ ಪುರಾವೆ. ಪಂಪ್ ಬಿಚ್ಚಿದಾಗಲೇ ಎಣ್ಣೆ, ಫಿಲ್ಟರ್ ಎರಡನ್ನೂ ಬದಲಿಸಿದ್ದರಲ್ಲ, ಸರಿಯಾದದ್ದು ಯಾವುದರಿಂದ ಎಂದು ಕೇಳಿದವರಿಲ್ಲ.

ಎಲ್ಲಕ್ಕಿಂತ ಕೆಟ್ಟ ನಂಬಿಕೆ, ಎತ್ತಿದ ರೋಟಾವೇಟರ್ ಎತ್ತಿದ ಹಾಗೇ ನಿಲ್ಲುತ್ತದೆ ಎಂಬುದು. ಎಂಥ ಹೊಸ ಸೀಲೂ ಒಂದು ದಿನ ಸೋಲುತ್ತದೆ. ಗಟ್ಟಿ ಆಸರೆ ಕೊಡದೆ ಅದರ ಕೆಳಗೆ ತಲೆ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.