ಇಸಾಂಡ್ಲ್ವಾನಾದ ಇಳಿಜಾರಿನಲ್ಲಿ ಪುಸ್ತಕಗಳ ಕಾಳಗ

ಜನವರಿ ಬಂತೆಂದರೆ ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಸೀಮೆಯಲ್ಲಿ ನಡುಬೇಸಿಗೆ. ಅಲ್ಲಿ ಬೇಸಿಗೆಯೇ ಮಳೆಗಾಲ ಕೂಡ. ಹುಲ್ಲು ಮೊಣಕಾಲು ಮುಚ್ಚುವಷ್ಟು ಬೆಳೆದಿರುತ್ತದೆ. ಹತ್ತು ಗಂಟೆಗೆಲ್ಲ ಬಿಸಿಲು ಚುರುಗುಟ್ಟುತ್ತದೆ, ಹೊತ್ತು ಇಳಿಯುತ್ತಲೇ ಮೋಡ ಕವಿದು ಗುಡುಗು ಶುರುವಾಗುತ್ತದೆ. ಈ ಬಯಲಿನ ಅಂಚಿಗೆ ಇಸಾಂಡ್ಲ್ವಾನಾ ಎಂಬ ಒಂಟಿ ಕಲ್ಲುಗುಡ್ಡ. ಅದರ ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಸುಣ್ಣ ಬಳಿದ ಕಲ್ಲುಗುಪ್ಪೆಗಳು. 1879ರ ಜನವರಿ 22ರಂದು ಇಲ್ಲಿ ಸತ್ತ ಬ್ರಿಟಿಷ್ ಪಡೆಯವರ ಮೂಳೆಗಳನ್ನು ಒಟ್ಟುಗೂಡಿಸಿ ಹೂತ ಜಾಗಗಳು ಅವು.

ಬೆಳಗಿನ ತಂಪಿನಲ್ಲೇ ಜೀಪುಗಳು ಬಂದು ನಿಲ್ಲುತ್ತವೆ. ಇಳಿದವರು ಮಡಚುವ ಕುರ್ಚಿಗಳನ್ನು ಹುಲ್ಲಿನ ಮೇಲೆ ಬಿಡಿಸಿ, ಅಗಲ ಅಂಚಿನ ಟೋಪಿ ಹಾಕಿಕೊಂಡು, ಬಯಲಿನತ್ತ ಮುಖ ಮಾಡಿ ಕೂರುತ್ತಾರೆ. ನಿವೃತ್ತ ಸೈನಿಕರು, ವೇಲ್ಸ್‌ನ ಶಾಲಾ ಮೇಷ್ಟರು, ಜೋಹಾನ್ಸ್‌ಬರ್ಗ್‌ನ ವಕೀಲರು, ಮುತ್ತಜ್ಜನ ತಮ್ಮ ಇಲ್ಲೇ ಸತ್ತನೆಂದು ಹುಡುಕಿಕೊಂಡು ಬಂದ ಹೆಂಗಸರು. ಹೆಚ್ಚಿನವರ ಮಡಿಲಲ್ಲಿ ಒಂದೊಂದು ಪುಸ್ತಕ. ಬೆನ್ನು ಸಡಿಲಾಗಿ ಅಂಟುಪಟ್ಟಿ ಹಾಕಿಸಿಕೊಂಡ, ಪುಟದಂಚಿನಲ್ಲೆಲ್ಲ ಪೆನ್ಸಿಲ್ ಗುರುತುಗಳಿರುವ, ನಕ್ಷೆಯ ಹಾಳೆ ಮಡಿಕೆಯಲ್ಲಿ ಹರಿದ ಪುಸ್ತಕಗಳು. ಓದಿದ್ದನ್ನು ಕಣ್ಣಾರೆ ಅಳೆದು ನೋಡಲು ಬಂದವರು ಇವರು. ಪುಸ್ತಕದ ನಕ್ಷೆಯಲ್ಲಿರುವ ಕೊರಕಲು ಎದುರಿಗೆ ಎಲ್ಲಿದೆ, ಪಹರೆಯವರು ನಿಂತಿದ್ದ ದಿಣ್ಣೆಯಿಂದ ಬಿಡಾರ ಕಾಣುತ್ತಿತ್ತೇ, ಗುಂಡು ಹಾರಿಸುವ ಸಾಲಿನಿಂದ ತೋಟಾ ಗಾಡಿಗೆ ಎಷ್ಟು ಹೆಜ್ಜೆ ಎಂದು ತಮ್ಮತಮ್ಮಲ್ಲೇ ಲೆಕ್ಕ ಹಾಕುತ್ತಾರೆ.

ಮಾರ್ಗದರ್ಶಿ ಎದ್ದು ನಿಂತು, ಕೈಯಲ್ಲಿನ ಕೋಲನ್ನು ಬಯಲಿನತ್ತ ಚಾಚಿ ಆ ದಿನದ ಕತೆ ಶುರು ಮಾಡುತ್ತಾರೆ. ದಂಡನಾಯಕ ಲಾರ್ಡ್ ಚೆಮ್ಸ್‌ಫರ್ಡ್ ಬೆಳಗಿನ ಜಾವವೇ ಅರ್ಧ ಸೈನ್ಯ ಕರೆದುಕೊಂಡು ಜುಲು ಪಡೆಯನ್ನು ಹುಡುಕುತ್ತ ಆಗ್ನೇಯದ ಬೆಟ್ಟಗಳತ್ತ ಹೋಗಿದ್ದ. ಆದರೆ ಜುಲುಗಳ ಮುಖ್ಯ ಸೈನ್ಯ, 20,000ಕ್ಕೂ ಹೆಚ್ಚು ಜನ, ಈಶಾನ್ಯದ ಎನ್‌ಗ್ವೆಬೆನಿ ಕಣಿವೆಯಲ್ಲಿ ಸದ್ದಿಲ್ಲದೆ ಕೂತಿತ್ತು. ಗಸ್ತಿನ ಕುದುರೆ ಸವಾರರು ಕಣಿವೆಯ ಅಂಚಿಗೆ ಬಂದು ಇಣುಕಿದ್ದೇ ತಡ, ಪಡೆ ಎದ್ದಿತು. ಎನ್ಟ್ಶಿಂಗ್ವಾಯೊ ಮತ್ತು ಮವುಮೆಂಗ್ವಾನಾ ಎಂಬ ಇಬ್ಬರು ನಾಯಕರ ಕೈಕೆಳಗೆ, ಕಾಡೆಮ್ಮೆಯ ಎದೆ ಮತ್ತು ಎರಡು ಕೊಂಬುಗಳ ವ್ಯೂಹದಲ್ಲಿ ಅದು ಇಳಿದು ಬಂತು. ಬಿಡಾರದಲ್ಲಿದ್ದವರು ಸುಮಾರು 1,700 ಮಂದಿ. ಸಂಜೆಯೊಳಗೆ ಅವರಲ್ಲಿ 1,300ಕ್ಕೂ ಹೆಚ್ಚು ಜನ ಹೆಣವಾಗಿದ್ದರು. ಜುಲುಗಳ ಕಡೆಯೂ ಸತ್ತವರು ಸಾವಿರಕ್ಕೆ ಕಡಿಮೆಯಿಲ್ಲ. ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಸೂರ್ಯನಿಗೆ ಗ್ರಹಣವೂ ಹಿಡಿದಿತ್ತು.

ಇಷ್ಟರವರೆಗೆ ಯಾರದೂ ತಕರಾರಿಲ್ಲ. ಆಧುನಿಕ ಬಂದೂಕುಗಳಿದ್ದ ಸೈನ್ಯ ಈಟಿ-ಗುರಾಣಿಗಳ ಸೈನ್ಯದ ಎದುರು ಹೇಗೆ ಸೋತಿತು ಎಂಬ ಮಾತು ಬಂದಾಗ ಚರ್ಚೆ ಕಾವೇರುತ್ತದೆ. ಅದು ಬಯಲಿನಲ್ಲಿ ಮುಗಿಯದೆ ಸಂಜೆ ವಸತಿಗೃಹದ ಜಗಲಿಯವರೆಗೂ ಮುಂದುವರಿಯುತ್ತದೆ. ಹೊರಗೆ ಮಳೆ ಹೊಡೆಯುತ್ತಿರುತ್ತದೆ, ಮೇಜಿನ ಮೇಲೆ ಪುಸ್ತಕಗಳು ಬಿಚ್ಚಿಕೊಳ್ಳುತ್ತವೆ.

ಈ ಹುಚ್ಚು ಹಲವರಿಗೆ ಹತ್ತಿದ್ದು 1964ರ ‘ಜುಲು’ ಸಿನಿಮಾದಿಂದ. ಇಸಾಂಡ್ಲ್ವಾನಾದ ಅದೇ ದಿನ ಮಧ್ಯಾಹ್ನದಿಂದ ರಾತ್ರಿಯವರೆಗೆ, ಸುಮಾರು 15 ಕಿ.ಮೀ. ದೂರದ ರೋರ್ಕ್ಸ್ ಡ್ರಿಫ್ಟ್ ಎಂಬಲ್ಲಿ ಸುಮಾರು 150 ಬ್ರಿಟಿಷರು ಮೆಕ್ಕೆಜೋಳದ ಮೂಟೆ, ಬಿಸ್ಕತ್ತು ಪೆಟ್ಟಿಗೆಗಳನ್ನು ಗೋಡೆಯಂತೆ ಒಟ್ಟಿ 3,000ಕ್ಕೂ ಹೆಚ್ಚು ಜುಲುಗಳನ್ನು ತಡೆದು ನಿಂತ ಕತೆ ಅದು. ಆ ಒಂದು ಕಾಳಗಕ್ಕೆ 11 ವಿಕ್ಟೋರಿಯಾ ಕ್ರಾಸ್ ಪದಕಗಳು ಸಂದವು. ಸಿನಿಮಾದಲ್ಲಿ ಆಗಿನ ಜುಲು ರಾಜ ಸೆಟ್ಶ್ವಾಯೊನ ಪಾತ್ರ ಮಾಡಿದವರು ಅವನದೇ ವಂಶದ ಮಂಗೊಸುತು ಬುತೆಲೇಜಿ. ಮುಂದೆ ಅವರು ದೇಶದ ದೊಡ್ಡ ರಾಜಕಾರಣಿಯಾದರು. ಸಿನಿಮಾ ನೋಡಿದ ಹುಡುಗರ ಕೈಗೆ ಮರುವರ್ಷವೇ, 1965ರಲ್ಲಿ, ಅಮೆರಿಕದ ಡೊನಾಲ್ಡ್ ಮಾರಿಸ್ ಬರೆದ ದಪ್ಪ ಪುಸ್ತಕ ‘ದಿ ವಾಷಿಂಗ್ ಆಫ್ ದಿ ಸ್ಪಿಯರ್ಸ್’ ಬಂತು. ಜುಲು ರಾಜ್ಯ ಕಟ್ಟಿದ ಶಾಕಾನಿಂದ ಹಿಡಿದು ಆ ರಾಜ್ಯದ ಪತನದವರೆಗಿನ ಕತೆಯನ್ನು ಕಾದಂಬರಿಯ ಓಟದಲ್ಲಿ ಹೇಳಿದ ಪುಸ್ತಕ ಅದು. ಇವತ್ತಿಗೂ ಮೇಜಿನ ಮೇಲೆ ಅದಕ್ಕೊಂದು ಜಾಗವಿದ್ದೇ ಇರುತ್ತದೆ.

ಇಸಾಂಡ್ಲ್ವಾನಾದ ಸೋಲಿಗೆ ಮಾರಿಸ್ ಮನೆಮಾತು ಮಾಡಿದ ಒಂದು ಕಾರಣವಿದೆ: ತೋಟಾ ಪೆಟ್ಟಿಗೆ. ಮುಚ್ಚಳಗಳನ್ನು ಸ್ಕ್ರೂ ಹಾಕಿ ಬಿಗಿದಿದ್ದರು, ತೆಗೆಯಲು ಸಾಕಷ್ಟು ಸ್ಕ್ರೂಡ್ರೈವರ್ ಇರಲಿಲ್ಲ, ಉಗ್ರಾಣದ ಅಧಿಕಾರಿಗಳು ಬೇರೆ ಪಡೆಯವರಿಗೆ ತೋಟಾ ಕೊಡಲು ಸತಾಯಿಸಿದರು, ಅದಕ್ಕೇ ಸಾಲು ಮುರಿಯಿತು ಎಂಬುದು ಆ ವಾದ. ಬದುಕಿ ಉಳಿದ ಬೆರಳೆಣಿಕೆಯ ಅಧಿಕಾರಿಗಳಲ್ಲಿ ಒಬ್ಬನಾದ ಸ್ಮಿತ್-ಡೊರಿಯನ್ 1925ರಲ್ಲಿ ಬರೆದ ನೆನಪುಗಳಲ್ಲೂ ಇದರ ಸುಳಿವಿದೆ. ತಾನು ಪೆಟ್ಟಿಗೆ ಒಡೆಯುತ್ತಿದ್ದಾಗ ಬ್ಲೂಮ್‌ಫೀಲ್ಡ್ ಎಂಬ ಕ್ವಾರ್ಟರ್‌ಮಾಸ್ಟರ್ ಅಡ್ಡ ಬಂದನೆಂದು ಅವನು ಹೇಳುತ್ತಾನೆ.

ಆಗ ಗುಂಪಿನ ನಿವೃತ್ತ ಸೈನಿಕರೊಬ್ಬರು ಆ ಪೆಟ್ಟಿಗೆಯನ್ನೇ ಮಾತಿನಲ್ಲಿ ಬಿಚ್ಚಿ ತೋರಿಸುತ್ತಾರೆ. ಗಟ್ಟಿಮರದ ಪೆಟ್ಟಿಗೆ, ಸುತ್ತ ಎರಡು ತಾಮ್ರದ ಪಟ್ಟಿ, ಇಕ್ಕೆಲದಲ್ಲಿ ಹಗ್ಗದ ಹಿಡಿಕೆ. ಒಳಗೆ ತವರದ ಹಾಳೆಯ ಒಳಪೆಟ್ಟಿಗೆ, ಅದರಲ್ಲಿ ಹತ್ತತ್ತರ ಕಾಗದದ ಪೊಟ್ಟಣಗಳಲ್ಲಿ 600 ತೋಟಾ. ಮೇಲ್ಭಾಗದ ನಡುವೆ ಜಾರಿಸಿ ತೆಗೆಯುವ ಒಂದು ಸಣ್ಣ ಮುಚ್ಚಳ. ಆ ಮುಚ್ಚಳವನ್ನು ಹಿಡಿದಿಟ್ಟದ್ದು ಒಂದೇ ಒಂದು ಹಿತ್ತಾಳೆ ಸ್ಕ್ರೂ. ಪ್ರಾಣಕ್ಕೆ ಬಂದಾಗ ಸ್ಕ್ರೂಡ್ರೈವರ್ ಹುಡುಕುವವರು ಯಾರು? ಬಂದೂಕಿನ ಹಿಂಬದಿಯಿಂದ ಮುಚ್ಚಳದ ಅಂಚಿಗೆ ಒಂದು ಏಟು ಕೊಟ್ಟರೆ ಅದು ಕಿತ್ತು ಬರುತ್ತದೆ. ಇಸಾಂಡ್ಲ್ವಾನಾದಲ್ಲಿ ಪುರಾತತ್ವದವರು ಅಗೆದಾಗ ಸಿಕ್ಕ ಬಾಗಿದ ಸ್ಕ್ರೂಗಳೂ ಇದೇ ಮಾತು ಹೇಳುತ್ತವೆ. ಮಾರಿಸನ ಪುಸ್ತಕ ಬಂದ ವರ್ಷವೇ ಎಫ್.ಡಬ್ಲ್ಯು.ಡಿ. ಜಾಕ್ಸನ್ ಎಂಬ ಸಂಶೋಧಕರು ಮೂಲ ದಾಖಲೆಗಳನ್ನು ಮತ್ತೆ ಜಾಲಾಡಿ, ತೋಟಾ ಮುಗಿದದ್ದೇ ಸೋಲಿಗೆ ಕಾರಣ ಎಂಬ ಮಾತನ್ನು ಅಲ್ಲಗಳೆದಿದ್ದರು. ಆದರೆ ಅವರ ಬರಹ ಬಂದದ್ದು ಸೇನಾ ಇತಿಹಾಸದ ವಿದ್ವತ್ ಪತ್ರಿಕೆಯಲ್ಲಿ. ಜನ ಓದಿದ್ದು ಮಾರಿಸನನ್ನು. ಆಮೇಲೆ ಇಯಾನ್ ನೈಟ್ ಮೊದಲಾದವರು ಪುಸ್ತಕದ ಮೇಲೆ ಪುಸ್ತಕ ಬರೆದು ಆ ಸ್ಕ್ರೂವಿನ ಕತೆಯನ್ನು ತಿದ್ದಬೇಕಾಯಿತು. ಬಿಡಾರದಿಂದ ತೀರ ದೂರದಲ್ಲಿ, ತೀರ ತೆಳ್ಳಗೆ ಹರಡಿ ನಿಂತ ಸಾಲು, ಎರಡೂ ಪಕ್ಕದಿಂದ ಬಂದ ಕೊಂಬುಗಳು, ಎದುರಾಳಿಯನ್ನು ಹಗುರವಾಗಿ ಎಣಿಸಿದ ದಂಡನಾಯಕ, ಇವೇ ನಿಜವಾದ ಕಾರಣಗಳೆಂದು ಬಲ್ಲವರಲ್ಲಿ ಹೆಚ್ಚಿನವರು ಈಗ ಒಪ್ಪುತ್ತಾರೆ.

‘ಹಾಗಾದರೆ ತಪ್ಪು ಚೆಮ್ಸ್‌ಫರ್ಡನದೋ ಡರ್ನ್‌ಫರ್ಡನದೋ?’ ಎಂದು ಇನ್ನೊಬ್ಬರು ಕೇಳುತ್ತಾರೆ. ಕರ್ನಲ್ ಆಂಥೊನಿ ಡರ್ನ್‌ಫರ್ಡ್ ಆ ದಿನ ಬಿಡಾರಕ್ಕೆ ಬಂದ ಹಿರಿಯ ಅಧಿಕಾರಿ. ತನ್ನ ಆಫ್ರಿಕನ್ ಕುದುರೆ ಸವಾರರೊಂದಿಗೆ ಕೊರಕಲಿನಲ್ಲಿ ಇಳಿದು ಜುಲುಗಳ ಎಡಗೊಂಬನ್ನು ಬಹಳ ಹೊತ್ತು ತಡೆದು, ಕೊನೆಗೆ ಇಲ್ಲೇ ಸತ್ತವನು. ಸತ್ತವನು ಬಂದು ಸಾಕ್ಷಿ ಹೇಳುವುದಿಲ್ಲವಲ್ಲ, ಸೋಲಿನ ಹೊಣೆಯನ್ನೆಲ್ಲ ಅವನ ತಲೆಗೆ ಕಟ್ಟಲಾಯಿತು. ಅವನ ಹೆಸರು ಉಳಿಸಲು ಪೆನ್ನು ಹಿಡಿದವಳು ನಟಾಲಿನ ಬಿಷಪ್ ಕೊಲೆನ್ಸೊನ ಮಗಳು ಫ್ರಾನ್ಸಿಸ್. ಡರ್ನ್‌ಫರ್ಡನ ತಮ್ಮ ಎಡ್ವರ್ಡ್ ಯುದ್ಧದ ವಿವರಗಳನ್ನು ಬರೆದುಕೊಟ್ಟ. 1880ರಲ್ಲಿ, ರಕ್ತದ ಕಲೆ ಒಣಗುವ ಮೊದಲೇ, ಇಬ್ಬರೂ ಸೇರಿ ಪುಸ್ತಕ ತಂದರು. ಸೋಲಿಗಿಂತ ಮೊದಲು ಯುದ್ಧದ ಅನ್ಯಾಯವನ್ನೇ ಪ್ರಶ್ನಿಸಿದ ಪುಸ್ತಕ ಅದು.

ಅನ್ಯಾಯವಾದರೂ ಏನು? ಜುಲು ರಾಜ್ಯಕ್ಕೂ ಟ್ರಾನ್ಸ್‌ವಾಲಿಗೂ ಇದ್ದ ಗಡಿ ತಗಾದೆಯನ್ನು ವಿಚಾರಿಸಲು ಬ್ರಿಟಿಷರೇ 1878ರಲ್ಲಿ ಆಯೋಗ ಕೂರಿಸಿದರು. ತೀರ್ಪು ಹೆಚ್ಚುಕಡಿಮೆ ಜುಲುಗಳ ಪರವಾಗಿ ಬಂತು. ಬ್ರಿಟಿಷ್ ಹೈಕಮಿಷನರ್ ಸರ್ ಬಾರ್ಟಲ್ ಫ್ರೀರ್ ಅದನ್ನು ತಿಂಗಳುಗಟ್ಟಲೆ ಬಚ್ಚಿಟ್ಟ. ಡಿಸೆಂಬರ್ 11ರಂದು ತುಕೇಲಾ ನದಿಯ ದಡದ ಒಂದು ಅತ್ತಿಮರದ ನೆರಳಿನಲ್ಲಿ ತೀರ್ಪನ್ನು ಓದಿಸಿದ. ಜೊತೆಗೇ, ನಿಮ್ಮ ಸೈನ್ಯ ವ್ಯವಸ್ಥೆಯನ್ನೇ 30 ದಿನದೊಳಗೆ ಬರಖಾಸ್ತು ಮಾಡಿ ಎಂಬ ಆಜ್ಞೆ. ಯಾವ ರಾಜನೂ ಒಪ್ಪಲಾರದ ಷರತ್ತು. ಜನವರಿ 11ಕ್ಕೆ ಗಡುವು ಮುಗಿಯಿತು, ಸೈನ್ಯ ನದಿ ದಾಟಿತು. ವಜ್ರದ ಗಣಿಗಳಿಗೆ ಕೂಲಿಯಾಳು ಬೇಕಿತ್ತು, ದಕ್ಷಿಣ ಆಫ್ರಿಕಾವನ್ನೆಲ್ಲ ಒಂದೇ ಒಕ್ಕೂಟಕ್ಕೆ ತರಬೇಕಿತ್ತು. ಸ್ವತಂತ್ರ ಜುಲು ರಾಜ್ಯ ಅದಕ್ಕೆ ಅಡ್ಡವಾಗಿತ್ತು.

ಈ ಹೆಸರುಗಳು ನಮಗೂ ಹೊಸವಲ್ಲ. ಬಾರ್ಟಲ್ ಫ್ರೀರ್ 1862ರಿಂದ 1867ರವರೆಗೆ ಮುಂಬೈ ಪ್ರಾಂತ್ಯದ ಗವರ್ನರ್, ಅಂದರೆ ಧಾರವಾಡ, ಬೆಳಗಾವಿಯನ್ನೂ ಆಳಿದವನು. ಚೆಮ್ಸ್‌ಫರ್ಡ್ ಭಾರತದ ಸೈನ್ಯದಲ್ಲಿ ಅಡ್ಜುಟೆಂಟ್ ಜನರಲ್ ಆಗಿದ್ದವನು. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಮಾಂಟೆಗು-ಚೆಮ್ಸ್‌ಫರ್ಡ್ ಸುಧಾರಣೆಯ ವೈಸ್‌ರಾಯ್ ಅವನ ಮಗ. ಇನ್ನು 1906ರಲ್ಲಿ ಇದೇ ನಟಾಲಿನಲ್ಲಿ ಜುಲುಗಳು ತಲೆಗಂದಾಯದ ವಿರುದ್ಧ ದಂಗೆ ಎದ್ದಾಗ, ಚಾಟಿ ಏಟಿನಿಂದ ಬೆನ್ನು ಸುಲಿದುಹೋಗಿದ್ದ ಜುಲುಗಳ ಆರೈಕೆಗೆ ಬಿಳಿಯರು ಹಿಂಜರಿದಾಗ, ಅವರ ಗಾಯ ತೊಳೆದದ್ದು ಗಾಂಧೀಜಿಯ ಪುಟ್ಟ ಭಾರತೀಯ ತಂಡ. ಅವರ ಆತ್ಮಕಥೆ ಓದಿದ ಕನ್ನಡಿಗರಿಗೆ ಆ ಪುಟಗಳು ನೆನಪಿರುತ್ತವೆ.

ಜಗಲಿಯ ಚರ್ಚೆಯಲ್ಲಿ ಜುಲು ಮಾರ್ಗದರ್ಶಿ ಬಾಯಿ ಬಿಟ್ಟರೆ ಮಾತಿನ ದಿಕ್ಕೇ ಬದಲಾಗುತ್ತದೆ. ಬ್ರಿಟಿಷರು ಹೇಗೆ ಸೋತರು ಎಂಬುದನ್ನು ಬಿಟ್ಟು, ತಮ್ಮವರು ಹೇಗೆ ಗೆದ್ದರು ಎಂದು ಅವರು ಹೇಳುತ್ತಾರೆ. ಗುಂಡಿನ ಮಳೆಗೆ ಉಖಂಡೆಂಪೆಂವು ದಳದ ಹುಡುಗರು ಹುಲ್ಲಿನಲ್ಲಿ ಬೋರಲು ಬಿದ್ದು ಮೇಲೇಳದಾದಾಗ, ಬಿಯೇಲಾ ಕುಲದ ಮ್ಖೊಸಾನಾ ಎಂಬ ನಾಯಕ ಬಂಡೆಸಾಲಿನಿಂದ ಇಳಿದು ಬಂದ. ನೆಟ್ಟಗೆ ನಿಂತು, ರಾಜನ ಬಿರುದು ಹೊಗಳಿ ಅವರನ್ನು ಎಬ್ಬಿಸಿದ. ಅವರು ಎದ್ದು ನುಗ್ಗಿದರು. ಅವನು ತಲೆಗೆ ಗುಂಡು ಬಿದ್ದು ಅಲ್ಲೇ ಸತ್ತ. ಗುಡ್ಡದ ಬುಡದಲ್ಲಿ 1999ರಲ್ಲಿ ನಿಲ್ಲಿಸಿದ ಜುಲು ಸ್ಮಾರಕವನ್ನು ಹತ್ತಿರ ಹೋಗಿ ನೋಡಿದರೆ ಅದು ಕಂಚಿನಲ್ಲಿ ಎರಕ ಹೊಯ್ದ ಕೊರಳಹಾರ. ಶೌರ್ಯ ತೋರಿದವರಿಗೆ ರಾಜನ ಅಪ್ಪಣೆಯಿಂದ ದಕ್ಕುತ್ತಿದ್ದ ಇಸಿಕು ಎಂಬ ಮರದ ಮಣಿಗಳ ಸರದ ದೊಡ್ಡ ರೂಪ. 120 ವರ್ಷ ಬರೀ ಒಂದು ಕಡೆಯವರ ಗೋರಿಗಳೇ ಇದ್ದ ಬಯಲಿಗೆ ಅದು ತಡವಾಗಿ ಬಂದ ನ್ಯಾಯ.

ಪುಸ್ತಕಗಳ ಮಾತೂ ಹಾಗೆಯೇ. ಬರ್ಟ್ರಮ್ ಮಿಟ್‌ಫರ್ಡ್ ಎಂಬವನು 1882ರಲ್ಲೇ ಈ ರಣರಂಗಗಳಲ್ಲಿ ಅಲೆದು, ಕಾದಾಡಿದ ಜುಲುಗಳನ್ನೇ ಮಾತಾಡಿಸಿ ಬರೆದುಕೊಂಡ. ಜೇಮ್ಸ್ ಸ್ಟುವರ್ಟ್ ಎಂಬ ಅಧಿಕಾರಿ ಮುದುಕರ ಬಾಯಿಂದ ಕೇಳಿದ್ದನ್ನು ವರ್ಷಗಟ್ಟಲೆ ದಾಖಲಿಸಿಟ್ಟ. ಅವು ಅಚ್ಚಾಗತೊಡಗಿದ್ದು 1976ರಿಂದ ಈಚೆಗೆ. ಬಿಷಪ್ ಕೊಲೆನ್ಸೊನ ಮಿಷನ್ನಿನಲ್ಲಿ ಅಕ್ಷರ ಕಲಿತು, ಅಲ್ಲಿನ ಅಚ್ಚುಕೂಟದಲ್ಲೇ ಕೆಲಸ ಮಾಡಿದ ಮಗೇಮಾ ಫುಜೆ ತಮ್ಮ ಜನರ ಇತಿಹಾಸವನ್ನು ತಮ್ಮ ನುಡಿಯಲ್ಲೇ ಬರೆದರು. 1922ರಲ್ಲಿ ಬಂದ ಅದು ಜುಲು ಲೇಖಕರೊಬ್ಬರು ಜುಲು ಭಾಷೆಯಲ್ಲಿ ಪ್ರಕಟಿಸಿದ ಮೊದಲ ಪುಸ್ತಕ. ಇಂಗ್ಲಿಷಿಗೆ ಅದು ಬರಲು 1979ರವರೆಗೆ ಕಾಯಬೇಕಾಯಿತು. ಅದೇ ವರ್ಷ ಜೆಫ್ ಗೈ ‘ದಿ ಡಿಸ್ಟ್ರಕ್ಷನ್ ಆಫ್ ದಿ ಜುಲು ಕಿಂಗ್‌ಡಮ್’ ತಂದರು. ಜುಲು ರಾಜ್ಯ ಮುರಿದುಬಿದ್ದದ್ದು 1879ರ ಜುಲೈ 4ರಂದು ಜುಲುಗಳು ಸೋತ ಉಲುಂಡಿ ಕಾಳಗದಲ್ಲಿ ಅಲ್ಲ, ಆಮೇಲೆ ಎಂದು ಅವರು ತೋರಿಸಿದರು. ಬ್ರಿಟಿಷರು ರಾಜನನ್ನು ಸೆರೆಹಿಡಿದು, ನಾಡನ್ನು 13 ತುಂಡು ಮಾಡಿ, ಒಬ್ಬೊಬ್ಬ ಮುಖಂಡನ ಕೈಗೆ ಒಂದೊಂದನ್ನು ಕೊಟ್ಟು ಅಣ್ಣತಮ್ಮಂದಿರನ್ನೇ ಕಾದಾಡಲು ಬಿಟ್ಟರು. ಸೆಟ್ಶ್ವಾಯೊ ಲಂಡನ್ನಿಗೆ ಹೋಗಿ ರಾಣಿ ವಿಕ್ಟೋರಿಯಾಳನ್ನು ಕಂಡು, ಅರ್ಧ ರಾಜ್ಯ ಹಿಂದಕ್ಕೆ ಪಡೆದು ಬಂದರೂ ಉಳಿಯಲಿಲ್ಲ. 1884ರ ಫೆಬ್ರವರಿಯಲ್ಲಿ ಎಶೊವೆಯಲ್ಲಿ ತೀರಿಕೊಂಡ. 1887ರಲ್ಲಿ ಬ್ರಿಟಿಷರು ನಾಡನ್ನು ತಮ್ಮದೆಂದು ಸಾರಿದರು.

ಸ್ಕ್ರೂ ಎಷ್ಟಿತ್ತು, ಸಾಲು ಎಲ್ಲಿತ್ತು, ಆಜ್ಞೆ ಯಾರದು ಎಂಬ ಚರ್ಚೆ ನನಗೆ ಎಂದೂ ಕ್ಷುಲ್ಲಕ ಅನ್ನಿಸಿಲ್ಲ. ಒಂದು ಸಣ್ಣ ಹಿತ್ತಾಳೆ ಸ್ಕ್ರೂವಿನ ನಿಜ ಹುಡುಕಲು ಅಷ್ಟು ವರ್ಷ ಸವೆಸುವವರು ಇತಿಹಾಸಕ್ಕೆ ದೊಡ್ಡ ಉಪಕಾರವನ್ನೇ ಮಾಡಿದ್ದಾರೆ. ಸುಳ್ಳು ಸಾಕ್ಷಿ ಯಾವುದು, ತಡವಾಗಿ ಹುಟ್ಟಿದ ನೆನಪು ಯಾವುದು, ನಂಬಬಹುದಾದ ದಾಖಲೆ ಯಾವುದು ಎಂದು ಸೋಸಿ ನೋಡುವ ಶಿಸ್ತನ್ನು ಅವರಿಂದ ಕಲಿಯಬೇಕು. ಆದರೆ ಒಂದು ಮಧ್ಯಾಹ್ನದ ಕಾಳಗಕ್ಕೆ ಕಪಾಟು ತುಂಬ ಪುಸ್ತಕಗಳಿದ್ದು, ಆ ಕಾಳಗ ಗೆದ್ದೂ ನಾಡು ಕಳೆದುಕೊಂಡವರ ಮುಂದಿನ ವರ್ಷಗಳಿಗೆ ಅದೇ ಕಪಾಟಿನಲ್ಲಿ ಒಂದು ಮೂಲೆಯೂ ಸಿಗದಿದ್ದರೆ ಆ ಓದು ಅರ್ಧಕ್ಕೇ ನಿಂತಂತೆ.

ಈ ಯುದ್ಧದ ಬಗ್ಗೆ ಓದುವ ಆಸೆ ಇರುವವರು ಮಾರಿಸನಿಂದಲೇ ಶುರು ಮಾಡಿ, ಆ ಕಥನಶಕ್ತಿ ಅಷ್ಟು ದೊಡ್ಡದು. ಅವನನ್ನು ತಿದ್ದಲು ಇಯಾನ್ ನೈಟ್ ಓದಿ. ಅಷ್ಟಕ್ಕೇ ಪುಸ್ತಕ ಮಡಚಿಡಬೇಡಿ. ಜೆಫ್ ಗೈ ಮತ್ತು ಮಗೇಮಾ ಫುಜೆಯವರನ್ನೂ ಓದಿ ಮುಗಿಸಿ. ಆಗಲೇ ಆ ಯುದ್ಧದ ಪೂರ್ತಿ ಲೆಕ್ಕ ಸಿಗುವುದು.