ಇಂಜಿನ್ ದೊಡ್ಡದು, ಎಕ್ಸಲ್ ಕಟ್!

ಮೊನ್ನೆ ಸಂತೆ ದಿನ ಬಸ್ ಸ್ಟ್ಯಾಂಡ್ ಮುಂದೆ ಅರ್ಧ ಗಂಟೆ ಗಾಡಿಗಳು ಸಾಲುಗಟ್ಟಿ ನಿಂತವು. ನಡುರಸ್ತೆಯಲ್ಲಿ ಒಂದು ಹಳೇ ಜೀಪು. ಇಂಜಿನ್ ಗುಡುಗ್ತಾ ಇದೆ, ಗೇರ್ ಬಿದ್ದಿದೆ, ಗಾಡಿ ಮಾತ್ರ ಅಲ್ಲಾಡಲೊಲ್ಲದು. ಬಾಳೆಹಣ್ಣಿನ ಅಂಗಡಿಯವರೇ ತೀರ್ಪು ಕೊಟ್ಟರು: "ಎಕ್ಸಲ್ ಕಟ್ ಆಗೈತೆ ಸ್ವಾಮಿ!"

ಜೀಪಿಗೆ ತನ್ನದಲ್ಲದ ದೊಡ್ಡ ಇಂಜಿನ್ ಕೂರಿಸಿದ್ದರಂತೆ. ಹಿಂದಿನ ಎಕ್ಸಲ್ ಹಳೆಯದೇ. ಆನೆ ತಂದು ಎತ್ತಿನ ನೊಗಕ್ಕೆ ಕಟ್ಟಿದ ಹಾಗೆ.

ಗ್ಯಾರೇಜಿನ ಮೇಸ್ತ್ರಿಗಳನ್ನು ಕೇಳಿದೆ. "ಹಾರ್ಸ್ ಪವರ್ ಬಿಡಿ ಸಾರ್, ಎಕ್ಸಲ್ ಮುರಿಯೋದು ಟಾರ್ಕ್‌ನಿಂದ, ಅಂದ್ರೆ ತಿರುಚೋ ಬಲದಿಂದ" ಅಂದರು. ಇಂಜಿನ್ ಟಾರ್ಕ್ 15 ಕಿಲೋಗ್ರಾಂ-ಮೀಟರ್ ಅನ್ನಿ. ಫಸ್ಟ್ ಗೇರು ಅದನ್ನು 3 ಪಟ್ಟು, ಕ್ರೌನ್-ಪಿನಿಯನ್ 5 ಪಟ್ಟು ಮಾಡಿದರೆ ಹಿಂದಕ್ಕೆ ಬರುವುದು 225. ಇಂಜಿನ್ನಿನದು 30 ಆದರೆ 450! ಕ್ಲಚ್ ಥಟ್ಟನೆ ಬಿಟ್ಟರೆ ಇನ್ನೂ ಮೇಲೆ. ದೊಡ್ಡ ಟೈರಿನ ಷೋಕಿಯ ಭಾರವೂ ಎಕ್ಸಲ್ ತಲೆಗೇ.

30 ಮಿ.ಮೀ. ಶಾಫ್ಟಿನ ಬದಲು ಅದೇ ಉಕ್ಕಿನ 35 ಮಿ.ಮೀ. ಹಾಕಿದರೆ ತಾಕತ್ತು ಒಂದೂವರೆ ಪಟ್ಟಿಗೂ ಜಾಸ್ತಿ. ಆದರೆ ಶಾಫ್ಟ್ ಒಂದನ್ನೇ ದಪ್ಪ ಮಾಡಿದರೆ ಮುಂದಿನ ಸರದಿ ಕ್ರೌನ್ ಹಲ್ಲುಗಳದ್ದು. ಅದಕ್ಕೇ ಅಮೆರಿಕದ ರೇಸಿನವರು ಇಡೀ ಎಕ್ಸಲ್ಲನ್ನೇ ಬದಲಿಸುತ್ತಾರೆ. ಫೋರ್ಡ್ 1957ರಲ್ಲಿ ತಂದ, 9 ಇಂಚು ಅಗಲದ ಕ್ರೌನ್ ಇರುವ ಎಕ್ಸಲ್ ಇವತ್ತಿಗೂ ಅವರ ಅಚ್ಚುಮೆಚ್ಚು.

ಹೆದರಿಸುವ ಸಂಗತಿ ಬೇರೆ ಇದೆ. ನೀವು ದಿನಾ ಹತ್ತುವ ಬಸ್ಸಿನ ಹಿಂದಿನ ಚಕ್ರ ನೋಡಿ. ನಡುವೆ ಬೋಲ್ಟುಗಳ ಒಂದು ಸುತ್ತು ಇರುತ್ತದೆ. ಅದು ಫುಲ್ ಫ್ಲೋಟಿಂಗ್. ಭಾರ ಹೊರುವುದು ಹೌಸಿಂಗ್, ಶಾಫ್ಟ್ ಬರೀ ತಿರುಗಿಸುತ್ತದೆ. ತುಂಡಾದರೂ ಚಕ್ರ ಜಾಗ ಬಿಡುವುದಿಲ್ಲ. ಕೆಲವು ಕಾರುಗಳಲ್ಲಿ ಶಾಫ್ಟೇ ಭಾರವನ್ನೂ ಹೊರುತ್ತದೆ. ಕೆಲವು ನಮೂನೆಗಳಲ್ಲಿ ಅದು ಮುರಿದರೆ ಚಕ್ರವೇ ಕಳಚಿ ಹೊರಟುಬಿಡಬಹುದು. ಘಾಟಿಯ ತಿರುವಿನಲ್ಲಿ ಹೀಗಾದರೆ?

ಶಾಫ್ಟ್ ಬಿಚ್ಚಿದಾಗ ತುದಿಯ ಗೆರೆಹಲ್ಲುಗಳು ನೇರವಾಗಿವೆಯೇ ನೋಡಬೇಕಂತೆ. ಸ್ವಲ್ಪ ತಿರುಚಿದ್ದರೂ ಅದು ಗುಜರಿಗೇ. ಇನ್ನು ಕಾನೂನು: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಗಾಡಿಯ ಮೂಲ ಸ್ವರೂಪವನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿತು. ಜೀಪಿನವರು ಆರ್.ಟಿ.ಓ. ಕಡೆ ಹೋಗಿದ್ದರೋ ಇಲ್ಲವೋ, ನಾನು ಕೇಳಲಿಲ್ಲ. ಅವರ ಮುಖವೇ ಹೇಳುತ್ತಿತ್ತು.

ಅಷ್ಟರಲ್ಲಿ ಅವರು ಮುರಿದ ಶಾಫ್ಟನ್ನು ಗೋಣಿಚೀಲದಲ್ಲಿ ಸುತ್ತಿ ವೆಲ್ಡಿಂಗ್ ಅಂಗಡಿಗೆ ಹೊರಟಿದ್ದರು. ಮೇಸ್ತ್ರಿಗಳು ಕೂಗಿ ನಿಲ್ಲಿಸಿದರು: "ಬೆಂಕಿ ತಾಗಿಸಿದ್ರೆ ಉಕ್ಕಿನ ಹದವೇ ಹೋಗುತ್ತೆ ಅಣ್ಣಾ, ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಹೋಗೋ ಗಾಡಿ ಅದು!"