ಸುಟ್ಟ ಜೇಡಿಮಣ್ಣಿಗೆ ಇಷ್ಟು ದುಡ್ಡಾ?

ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಒಂದು ಕಂಬದ ಗಾರೆ ಉದುರಿ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದ್ದು ಕಂಡಿತು. ನವಿ ಮುಂಬಯಿಯ ಉಪ್ಪು ಗಾಳಿಯಲ್ಲಿ ಇದೇನೂ ಹೊಸದಲ್ಲ. ರಿಪೇರಿ ಎಸ್ಟಿಮೇಟಿನಲ್ಲಿ 'ಮೆಟಾಕಯೋಲಿನ್' ಎಂಬ ಒಂದು ಸಾಲಿತ್ತು. "ಸುಟ್ಟ ಜೇಡಿಮಣ್ಣಿಗೆ ಇಷ್ಟು ದುಡ್ಡಾ?" ಎಂದು ಮೀಟಿಂಗಿನಲ್ಲಿ ಹಿರಿಯರೊಬ್ಬರು ಕೇಳಿದರು. ಕೋಡ್ ಬರೆದು ಬದುಕುವ ನನಗೂ ಉತ್ತರ ಗೊತ್ತಿರಲಿಲ್ಲ. ಓದತೊಡಗಿದೆ.

ಕಯೋಲಿನ್ ಎಂದರೆ ಪಿಂಗಾಣಿಗೆ ಬಳಸುವ ಬಿಳಿ ಜೇಡಿ. ಅದರ ಹರಳಿನೊಳಗೇ ತೂಕದ ಸುಮಾರು 14 ಶೇಕಡಾ ನೀರು ಅಡಗಿರುತ್ತದೆ. 600ರಿಂದ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ನೀರು ಹೋಗಿ ಹರಳಿನ ಜೋಡಣೆ ಕೆಡುತ್ತದೆ. ಕೆಟ್ಟದ್ದೇ ಲಾಭ! ಸಿಮೆಂಟ್ ಗಟ್ಟಿಯಾಗುವಾಗ ಹೊರಬೀಳುವ ಸುಣ್ಣದ ಜೊತೆ ಈ ಪುಡಿ ಬೆರೆತು ಹೊಸ ಅಂಟನ್ನು ಕಟ್ಟುತ್ತದೆ, ಸಣ್ಣ ರಂಧ್ರಗಳು ಮುಚ್ಚುತ್ತವೆ, ಉಪ್ಪು ಒಳಗೆ ಇಳಿಯುವುದು ನಿಧಾನವಾಗುತ್ತದೆ. ಆದರೆ 950 ಡಿಗ್ರಿ ದಾಟಿತೋ, ಬೇರೆ ಹರಳು ಹುಟ್ಟಿ ಮಣ್ಣು ಮತ್ತೆ ಮಂಕಾಗುತ್ತದೆ. ದೋಸೆ ಹೆಂಚಿನ ಹದದಂತೆಯೇ.

ಹಾಗೆಂದು ಸುರಿದಷ್ಟೂ ಒಳ್ಳೆಯದಲ್ಲ. ಪುಡಿ ಬಹಳ ನಯ, ನೀರು ಹೆಚ್ಚು ಕೇಳುತ್ತದೆ. ಜೊತೆಗೆ ಆ ಸುಣ್ಣದ ಕ್ಷಾರವೇ ಕಬ್ಬಿಣವನ್ನು ಕಾಯುವುದು, ಅದನ್ನೆಲ್ಲ ತಿಂದುಬಿಡಬಾರದು. ಸಾಮಾನ್ಯವಾಗಿ ಸಿಮೆಂಟಿನ 5ರಿಂದ 15 ಶೇಕಡಾ ಜಾಗಕ್ಕೆ ಇದನ್ನು ಹಾಕುತ್ತಾರೆ.

ಇದರ ದೊಡ್ಡಣ್ಣ ಎಲ್‌ಸಿ3 ಸಿಮೆಂಟ್. ಮಾಮೂಲಿ ಸಿಮೆಂಟಿಗೆ ಸುಣ್ಣದ ಕಲ್ಲನ್ನು 1450 ಡಿಗ್ರಿಯಲ್ಲಿ ಸುಟ್ಟು ಕ್ಲಿಂಕರ್ ಮಾಡಬೇಕು, ಆಗ ಕಲ್ಲೇ ಇಂಗಾಲದ ಡೈಆಕ್ಸೈಡ್ ಕಕ್ಕುತ್ತದೆ. ಎಲ್‌ಸಿ3ಯಲ್ಲಿ ಕ್ಲಿಂಕರ್ ಅರ್ಧ ಮಾತ್ರ. ಉಳಿದದ್ದು 30 ಪಾಲು ಸುಟ್ಟ ಜೇಡಿ, 15 ಪಾಲು ಸುಡದ ಸುಣ್ಣದ ಕಲ್ಲಿನ ಪುಡಿ, 5 ಪಾಲು ಜಿಪ್ಸಮ್. ಸ್ವಿಟ್ಜರ್‌ಲೆಂಡ್, ಕ್ಯೂಬಾ ಮತ್ತು ನಮ್ಮ ದೆಹಲಿ, ಮದ್ರಾಸ್ ಐಐಟಿಗಳು ಸೇರಿ ಇದರ ಮೇಲೆ ಕೆಲಸ ಮಾಡಿದವು. 2023ರಲ್ಲಿ ಭಾರತೀಯ ಮಾನಕವೂ ಬಂತು. ಪಿಂಗಾಣಿಗೆ ಬೇಡವಾದ ಕೆಳದರ್ಜೆಯ ಜೇಡಿಯೂ ಇದಕ್ಕೆ ನಡೆಯುತ್ತದೆ ಎಂಬುದೇ ನನಗೆ ಹೆಚ್ಚು ಹಿಡಿಸಿದ್ದು.

ಮಂಡ್ಯ ಕಡೆಯವರಿಗೆ ಇದರ ಮೂಲ ಹೊಸದೇನಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯನ್ನು ನಿಲ್ಲಿಸಿದ್ದು ಸುರ್ಕಿ ಗಾರೆ. ಸುಟ್ಟ ಇಟ್ಟಿಗೆಯ ಪುಡಿಯೂ ಸುಣ್ಣವೂ ಸೇರಿದ ಗಾರೆ ಅದು. ಮೀಟಿಂಗಿನಲ್ಲಿ ಇದನ್ನೇ ಹೇಳಿದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಹಾಗಾದರೆ ಲಾಬಿಯ ಗ್ರಾನೈಟ್ ಬಿಡೋಣ" ಅಂದರು.